ಗುನುಗುವ ದನಿ, ಕೇಳುವ ಮುಖ



ಇಂಗ್ಲಿಷಿನಲ್ಲಿ ‘ಕ್ರೂನರ್’ ಎಂಬ ಪದವೊಂದಿದೆ. ಅದಕ್ಕೆ ನೇರವಾಗಿ ಹೊಂದುವ ಪದ ಕನ್ನಡದಲ್ಲಿ ಬಳಕೆಗೆ ಬಂದಿಲ್ಲ. ‘ಗುನುಗುವ ಗಾಯಕ’ ಎಂದರೆ ಸುಮಾರಾಗಿ ಅರ್ಥವಾದೀತು. ತೊಟ್ಟಿಲು ತೂಗುವ ಅಜ್ಜಿ ಮಗುವಿಗೆ ಮಾತ್ರ ಕೇಳುವಂತೆ ಹಾಡಿಕೊಳ್ಳುತ್ತಾಳಲ್ಲ, ಅಂಥ ದನಿಯಲ್ಲಿ ಹಾಡಿ ಹೆಸರು ಮಾಡಿದವರು ಇವರು. ಮಗುವಿಗೆ ಮಾತ್ರ ಕೇಳುವ ದನಿ ಲಕ್ಷಾಂತರ ಜನರಿಗೆ ಕೇಳಬೇಕಾದರೆ ನಡುವೆ ಒಂದು ಯಂತ್ರ ಬೇಕು. ಮೈಕ್ ಬಂದ ಮೇಲೆ ಹುಟ್ಟಿದ ಕಲೆ ಇದು.

ಈ ಕಲೆಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ದುಡಿದು, ಬದುಕಿನ ಉತ್ತರಾರ್ಧದಲ್ಲಿ ಟಿ.ವಿ. ಪರದೆಯ ಮೇಲೂ ಮನೆಮಾತಾದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ವೃತ್ತಿಜೀವನ ಇಂದಿನ ಮಾತಿನ ವಿಷಯ. ಅವರು ಎಷ್ಟು ದೊಡ್ಡವರು ಎಂದು ಹೊಗಳುವುದಕ್ಕೆ ನಾನು ಬಂದಿಲ್ಲ. ಆ ಕೆಲಸವನ್ನು ನಿಮ್ಮ ತಂದೆತಾಯಿಯರು ಚೆನ್ನಾಗಿ ಮಾಡುತ್ತಾರೆ. ಇಂಥ ವೃತ್ತಿಯೊಂದು ಯಾವುದರ ಮೇಲೆ ನಿಲ್ಲುತ್ತದೆ, ಟಿ.ವಿ. ಅದಕ್ಕೆ ಏನನ್ನು ಸೇರಿಸಿತು ಎಂಬುದನ್ನು ನಿಮ್ಮೊಡನೆ ಸೇರಿ ನೋಡಬೇಕೆಂಬ ಆಸೆ ನನ್ನದು. ನಾನು ಓದಿದ್ದು ವಿಜ್ಞಾನ, ಮಾಡುವುದು ಕಾರ್ಯಕ್ರಮ ನಿರ್ಮಾಣ. ಹೀಗಾಗಿ ನನ್ನ ದಾರಿ ಮೈಕಿನಿಂದಲೇ ಶುರುವಾಗುತ್ತದೆ.

ನನ್ನೂರು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಈ ಮೂರೂ ಸೇರಿದ ತೆಂಗಿನ ಸೀಮೆ ನಮ್ಮದು. ಇಲ್ಲಿಯವರಿಗೆ ಕಿವಿಯ ವಿದ್ಯೆ ಹೊಸದಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯನ್ನು ಹಿರಿಯರು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ನೀರು ಇನ್ನೂ ಇದ್ದರೆ ಒಂದು ಸದ್ದು. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಿದ್ದರೆ ಗಟ್ಟಿಯಾದ ಬೇರೊಂದು ಸದ್ದು. ಒಡೆಯದೆಯೇ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಾರೆ. ಆಕಾರ ಬದಲಾಗದಿದ್ದರೂ ಒಳಗಿನ ಟೊಳ್ಳು ಬದಲಾದರೆ ಸದ್ದು ಬದಲಾಗುತ್ತದೆ ಎಂಬುದು ಭೌತವಿಜ್ಞಾನದಲ್ಲಿ ಅನುರಣನದ ಪಾಠ. ಮನುಷ್ಯನ ದನಿಯೂ ಹೀಗೆಯೇ. ಗಂಟಲಿನ ಧ್ವನಿತಂತುಗಳು ಕೊಡುವುದು ಬರಿಯ ಗುಂಯ್‌ಗುಡುವಿಕೆ. ಗಂಟಲು, ಬಾಯಿ, ಮೂಗಿನ ಟೊಳ್ಳುಗಳು ಅದನ್ನು ರೂಪಿಸಿ ‘ಇದು ಇಂಥವರ ದನಿ’ ಎಂದು ಗುರುತಿಸುವಂತೆ ಮಾಡುತ್ತವೆ.

ಮೈಕ್ ಇಲ್ಲದ ಕಾಲದಲ್ಲಿ ಈ ದನಿ ದೂರಕ್ಕೆ ಮುಟ್ಟಬೇಕಿತ್ತು. ನಮ್ಮೂರಿಗೆ ದೂರವಲ್ಲದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನೆನೆಯಿರಿ. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿನಲ್ಲೆಲ್ಲ ಹೆಸರಾಯಿತು. ಟೆಂಟಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನೂ ದುಡ್ಡು ಕೊಟ್ಟೇ ಬಂದಿರುತ್ತಾನೆ. ಅವನಿಗೂ ಕೇಳಬೇಕೆಂದರೆ ನಟ ಏರುಶ್ರುತಿಯಲ್ಲಿ, ಎದೆಯ ಬಲವನ್ನೆಲ್ಲ ಹಾಕಿ ಹಾಡಬೇಕಾಗಿತ್ತು. ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲಿಗೆ. ವಿಲೋಮ ವರ್ಗ ನಿಯಮ ಎಂದು ನೀವು ಓದಿದ ಇದೇ ಸೂತ್ರದ ಜೊತೆ ರಂಗನಟರು ಪ್ರತಿ ರಾತ್ರಿ ಸೆಣಸುತ್ತಿದ್ದರು. ಅವರ ಹಾಡಿನಲ್ಲಿ ಪಿಸುಮಾತಿಗೆ ಜಾಗವಿರಲಿಲ್ಲ. ವಿರಹವನ್ನೂ ಕೂಗಿಯೇ ಹೇಳಬೇಕು.

1925ರ ಸುಮಾರಿಗೆ ವಿದ್ಯುತ್ ಮೈಕಿನ ಮೂಲಕ ಧ್ವನಿಮುದ್ರಣ ಮಾಡುವ ಪದ್ಧತಿ ಬಂತು. ಅಲ್ಲಿಂದ ಲೆಕ್ಕ ತಿರುಗಿತು. ತುಟಿಯಿಂದ ನಾಲ್ಕು ಬೆರಳು ದೂರದಲ್ಲಿ ಮೈಕ್ ಇದ್ದರೆ ಉಸಿರು ಎಳೆದುಕೊಂಡದ್ದೂ ಅದಕ್ಕೆ ಕೇಳುತ್ತದೆ. ಇನ್ನೂ ಒಂದು ಸ್ವಾರಸ್ಯವಿದೆ. ಒಂದು ದಿಕ್ಕಿನ ಸದ್ದನ್ನು ಹೆಚ್ಚಾಗಿ ಹಿಡಿಯುವ ಮೈಕುಗಳು, ಬಾಯಿ ಹತ್ತಿರ ಬಂದಷ್ಟೂ ಮಂದ್ರದ ಅಂಶವನ್ನು ಹಿಗ್ಗಿಸುತ್ತವೆ. ದನಿಗೆ ಒಂದು ಬೆಚ್ಚನೆಯ ದಪ್ಪ ಬರುತ್ತದೆ. ಅಮೆರಿಕದ ಬಿಂಗ್ ಕ್ರಾಸ್ಬಿ ಇದನ್ನು ಬಹಳ ಚೆನ್ನಾಗಿ ಅರಿತ ಗಾಯಕ. ಮೈಕನ್ನು ಅವರು ದೊಡ್ಡ ಸಭೆಯೆಂದು ತಿಳಿಯದೆ ಎದುರಿಗೆ ಕೂತ ಒಬ್ಬ ಗೆಳೆಯ ಎಂಬಂತೆ ಕಂಡರು. 1947ರಲ್ಲಿ ತಮ್ಮ ರೇಡಿಯೋ ಕಾರ್ಯಕ್ರಮವನ್ನು ಕಾಂತಪಟ್ಟಿಯ ಮೇಲೆ, ಅಂದರೆ ಟೇಪಿನ ಮೇಲೆ, ಮುದ್ರಿಸಿ ಪ್ರಸಾರ ಮಾಡಿಸಿದರು. ಆ ಯಂತ್ರ ತಯಾರಿಸುತ್ತಿದ್ದ ಸಣ್ಣ ಸಂಸ್ಥೆಗೆ ಹಣವನ್ನೂ ಹೂಡಿದರು. ಈ ಗುಂಪಿನ ಇನ್ನೊಬ್ಬರು ಪೆರಿ ಕೊಮೊ. ಕ್ಷೌರಿಕರಾಗಿದ್ದವರು ಗಾಯಕರಾಗಿ, 1948ರಿಂದ ಟಿ.ವಿ.ಗೆ ಬಂದು ವರ್ಷಾನುಗಟ್ಟಲೆ ಜನರನ್ನು ರಂಜಿಸಿದರು. ಅವರಷ್ಟೇ ಮೃದು ಕಂಠದ ನ್ಯಾಟ್ ಕಿಂಗ್ ಕೋಲ್ ಕಪ್ಪು ಜನಾಂಗದವರು. 1956ರಲ್ಲಿ ಶುರುವಾದ ಅವರ ಟಿ.ವಿ. ಕಾರ್ಯಕ್ರಮ ರಾಷ್ಟ್ರಮಟ್ಟದ ಜಾಹೀರಾತುದಾರರು ಸಿಗದೆ ಮರುವರ್ಷ ನಿಂತುಹೋಯಿತು. ದನಿ ಎಷ್ಟೇ ಹಿತವಾಗಿದ್ದರೂ ಪರದೆಯ ಮೇಲೆ ಮುಖ ಕಾಣುತ್ತದೆ. ಮುಖ ಕಂಡಾಗ ಜನರ ಪೂರ್ವಗ್ರಹಗಳೂ ಎದ್ದು ಕೂರುತ್ತವೆ.

ನಮ್ಮ ಸೀಮೆಗೆ ಮೈಕ್ ಬಂದದ್ದು ಬೇರೆ ಬಗೆಯಲ್ಲಿ. ಮದುವೆ, ಜಾತ್ರೆ, ಗಣಪತಿ ಹಬ್ಬ ಬಂದರೆ ಮೈಕ್‌ಸೆಟ್ಟಿನವರು ಹಾರ್ನನ್ನು ತೆಂಗಿನ ಮರಕ್ಕೆ ಕಟ್ಟುತ್ತಿದ್ದರು. ಆ ಹಾರ್ನ್ ಮಂದ್ರವನ್ನು ಬಹುಪಾಲು ನುಂಗಿ ನಡುವಿನ ಸ್ವರಗಳನ್ನಷ್ಟೇ ಎರಡು ಮೈಲಿಗೆ ಎಸೆಯುತ್ತದೆ. ಎಂಥ ಮೃದು ದನಿಯೂ ಅದರಲ್ಲಿ ಮೂಗಿನಿಂದ ಬಂದಂತೆ ಕೇಳುತ್ತದೆ. ಆದರೆ ಅದೇ ಹಾಡನ್ನು ರಾತ್ರಿ ಊಟವಾದ ಮೇಲೆ ರೇಡಿಯೋದಲ್ಲಿ ಕೇಳಿದರೆ ಪಕ್ಕದಲ್ಲಿ ಕೂತು ಹಾಡಿದಂತೆ ಇರುತ್ತಿತ್ತು. ಕನ್ನಡದಲ್ಲಿ ಹೀಗೆ ಪಕ್ಕದಲ್ಲಿ ಕೂತು ಹಾಡಿದ ಮೊದಲಿಗರಲ್ಲಿ ಪಿ.ಬಿ. ಶ್ರೀನಿವಾಸ್ ಪ್ರಮುಖರು. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡ ಅವರು ಬಹುಕಾಲ ರಾಜ್‌ಕುಮಾರ್ ಅವರ ಹಾಡಿನ ದನಿಯಾಗಿದ್ದರು. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದ ನಟ, ತಾವೇ ಗಟ್ಟಿ ಗಾಯಕ. ಆದರೂ 1974ರ ‘ಸಂಪತ್ತಿಗೆ ಸವಾಲ್’ ಬರುವ ತನಕ ಪರದೆಯ ಮೇಲೆ ಅವರ ಬಾಯಿಂದ ಬಹುಮಟ್ಟಿಗೆ ಕೇಳುತ್ತಿದ್ದುದು ಶ್ರೀನಿವಾಸ್ ಅವರ ರೇಷ್ಮೆಯಂಥ ದನಿ. ನನ್ನನ್ನು ಕೇಳಿದರೆ, ಕನ್ನಡದ ನಿಜವಾದ ಕ್ರೂನರ್ ಎಂಬ ಬಿರುದು ಅವರಿಗೇ ಸಲ್ಲಬೇಕು. ಆದರೆ ಅವರು ಟಿ.ವಿ. ಕಾಲದ ರಂಜಕರಲ್ಲ. ಆ ಎರಡನ್ನೂ ಒಂದೇ ಬದುಕಿನಲ್ಲಿ ಕೂಡಿಸಿದವರು ಬಾಲಸುಬ್ರಹ್ಮಣ್ಯಂ.

ಬಾಲು ಎಂದೇ ಪರಿಚಿತರಾದ ಅವರು ಹುಟ್ಟಿದ್ದು 1946ರ ಜೂನ್ 4ರಂದು, ನೆಲ್ಲೂರು ಕಡೆಯ ತೆಲುಗು ಕುಟುಂಬದಲ್ಲಿ. ತಂದೆ ಸಾಂಬಮೂರ್ತಿ ಹರಿಕಥೆ ಮಾಡುವವರು. ಕಥೆ ಹೇಳುತ್ತ, ನಡುನಡುವೆ ಹಾಡುತ್ತ, ನಗಿಸುತ್ತ ಸಭೆಯನ್ನು ಹಿಡಿದು ಕೂರಿಸುವ ವಿದ್ಯೆಯನ್ನು ಹುಡುಗ ಮನೆಯಲ್ಲೇ ಕಂಡ. ಮಗ ಎಂಜಿನಿಯರ್ ಆಗಬೇಕೆಂದು ಅನಂತಪುರದ ಕಾಲೇಜಿಗೆ ಸೇರಿದ. ವಿಷಮಶೀತ ಜ್ವರ ಬಂದು ಓದು ಅರ್ಧಕ್ಕೆ ನಿಂತಿತು. ಆಮೇಲೆ ಮದ್ರಾಸಿನಲ್ಲಿ ಎಂಜಿನಿಯರಿಂಗಿನದೇ ಇನ್ನೊಂದು ಪರೀಕ್ಷೆಗೆ ಓದುತ್ತಲೇ ಹಾಡಿನ ಸ್ಪರ್ಧೆಗಳಿಗೆ ಹೋಗುತ್ತಿದ್ದರು. ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕ್ರಮವಾಗಿ ಕಲಿತವರಲ್ಲ. 1964ರಲ್ಲಿ ಮದ್ರಾಸಿನ ಒಂದು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ತೀರ್ಪುಗಾರರ ಸಾಲಿನಲ್ಲಿದ್ದ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿ ಅವರೇ 1966ರಲ್ಲಿ ತೆಲುಗು ಚಿತ್ರವೊಂದರಲ್ಲಿ ಮೊದಲ ಅವಕಾಶ ಕೊಟ್ಟರು. ಮುಂದೆ ಬಾಲು ತಮ್ಮ ಧ್ವನಿಮುದ್ರಣ ಮಂದಿರಕ್ಕೆ ಕೋದಂಡಪಾಣಿಯವರ ಹೆಸರನ್ನೇ ಇಟ್ಟರು. ಆ ಅವಕಾಶ ಸಿಕ್ಕ ಕೆಲವೇ ದಿನಗಳಲ್ಲಿ ಅವರು ಕನ್ನಡಕ್ಕೂ ಹಾಡಿದರು. ಎಂ. ರಂಗರಾವ್ ಸಂಗೀತದ ಆ ಚಿತ್ರ ‘ನಕ್ಕರೆ ಅದೇ ಸ್ವರ್ಗ’ 1967ರಲ್ಲಿ ತೆರೆಗೆ ಬಂತು. ಅಂದರೆ ಕನ್ನಡ ಅವರಿಗೆ ಹೆಸರು ಬಂದ ಮೇಲೆ ಹುಡುಕಿಕೊಂಡು ಬಂದ ಭಾಷೆಯಲ್ಲ. ಹೆಸರೇ ಇಲ್ಲದಾಗ ಅನ್ನ ಕೊಟ್ಟ ಭಾಷೆ. ಅವರೂ ಇದನ್ನು ಮರೆತವರಲ್ಲ.

ಆ ದಿನಗಳಲ್ಲಿ ಅವರು ಲಘುಸಂಗೀತದ ತಂಡ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ತಂಡದಲ್ಲಿ ವಾದ್ಯ ನುಡಿಸುತ್ತಿದ್ದ ಒಬ್ಬ ಯುವಕನ ಹೆಸರು ಇಳಯರಾಜ. ಇಬ್ಬರೂ ಆಗ ಯಾರಿಗೂ ಗೊತ್ತಿಲ್ಲದ ಹುಡುಗರು. ಈ ಜೋಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಅವರ ದುಡಿಮೆಯ ಪ್ರಮಾಣಕ್ಕೆ ಒಂದು ದಿನದ ಲೆಕ್ಕ ಸಾಕು. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ, ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ, ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅವರು 21 ಕನ್ನಡ ಹಾಡು ಹಾಡಿದರು. ಹನ್ನೆರಡು ಗಂಟೆ ಎಂದರೆ 720 ನಿಮಿಷ. 21ರಿಂದ ಭಾಗಿಸಿ. ಒಂದು ಹಾಡಿಗೆ 34 ನಿಮಿಷ ಬಂತು. ಊಟ, ಕಾಫಿ ಎಲ್ಲವೂ ಅದರೊಳಗೇ. ಆ 34 ನಿಮಿಷದಲ್ಲಿ ಸಾಹಿತ್ಯ ಬರೆದುಕೊಳ್ಳಬೇಕು, ರಾಗ ಕೇಳಿ ಹಿಡಿಯಬೇಕು, ಸನ್ನಿವೇಶ ತಿಳಿಯಬೇಕು, ಹಾಡುವವನು ಪರದೆಯ ಮೇಲೆ ಯಾರು ಎಂದು ಕೇಳಬೇಕು, ಆಮೇಲೆ ತಪ್ಪಿಲ್ಲದೆ ಹಾಡಬೇಕು. ಮನೆಮಾತಲ್ಲದ ಭಾಷೆಯಲ್ಲಿ! ಪ್ರತಿಭೆ ಎಂಬ ಪದವನ್ನು ನಾವು ಧಾರಾಳವಾಗಿ ಬಳಸುತ್ತೇವೆ. ನನ್ನ ಕಣ್ಣಿಗೆ ಇಲ್ಲಿ ಕಾಣುವುದು ಬೇರೆಯವರು ಹೇಳಿಕೊಟ್ಟದ್ದನ್ನು ಒಂದೇ ಸಲಕ್ಕೆ ಸರಿಯಾಗಿ ಕೇಳಿಸಿಕೊಳ್ಳುವ ಶಕ್ತಿ. ಅವರು ಹಾಡಿದ ಒಟ್ಟು ಹಾಡು 40,000 ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದನ್ನೂ ನೀವೇ 54 ವರ್ಷಗಳಿಂದ ಭಾಗಿಸಿ ನೋಡಿ. ದಿನಕ್ಕೆ ಎರಡು ಹಾಡು ಬರುತ್ತದೆ, ಭಾನುವಾರವೂ ರಜೆಯಿಲ್ಲ. ಇಂಥ ದೊಡ್ಡ ಸಂಖ್ಯೆ ಕಿವಿಗೆ ಬಿದ್ದಾಗ ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು.

ಕೇಳಿಸಿಕೊಳ್ಳುವ ಈ ಶಕ್ತಿ ಹಾಡಿನಲ್ಲೂ ಕಾಣುತ್ತದೆ. ವಿಷ್ಣುವರ್ಧನ್, ಶ್ರೀನಾಥ್, ಅಂಬರೀಷ್, ಅನಂತನಾಗ್, ಶಂಕರನಾಗ್, ರವಿಚಂದ್ರನ್ ಇವರೆಲ್ಲರಿಗೂ ಹಾಡಿದ್ದು ಒಂದೇ ಗಂಟಲು. ಆದರೂ ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರ ಹಾಡು ಎಂದು ಎಷ್ಟೋ ಸಲ ಗೊತ್ತಾಗುತ್ತದೆ. ನಟನ ಮಾತಿನ ಧಾಟಿಯನ್ನು ಗಮನಿಸಿ, ಅದರ ತೂಕ, ಅದರ ಅವಸರ, ವಾಕ್ಯ ಮುಗಿಸುವ ಬಗೆ ಇವನ್ನು ಹಾಡಿಗೆ ತರುತ್ತಿದ್ದರು. ಇದು ಅಣಕವಲ್ಲ. ಅಣಕದಲ್ಲಿ ಹಾಡುವವನ ಜಾಣತನ ಮುಂದೆ ಬರುತ್ತದೆ, ಇಲ್ಲಿ ಪಾತ್ರ ಮುಂದೆ ಬರುತ್ತದೆ. ಕಂಠದಾನ ಕಲಾವಿದರಾಗಿಯೂ ಅವರು ದುಡಿದಿದ್ದರು. ಕಮಲ್ ಹಾಸನ್ ಅವರ ಎಷ್ಟೋ ಚಿತ್ರಗಳ ತೆಲುಗು ಮಾತು ಅವರ ದನಿಯಲ್ಲಿದೆ. ಮಾತಿಗೆ ತುಟಿ ಹೊಂದಿಸುವ ಆ ಪಳಗಾಟ ಹಾಡಿಗೂ ಒದಗಿತು.

ಶಾಸ್ತ್ರೀಯ ಶಿಕ್ಷಣವಿಲ್ಲದವರು ರಾಗದ ಭಾರವಿರುವ ಹಾಡುಗಳನ್ನು ಹೇಗೆ ನಿಭಾಯಿಸಿದರು ಎಂದು ನೀವು ಕೇಳಬಹುದು. ಕೂತು ಕಲಿತರು, ಅಷ್ಟೆ. ತೆಲುಗಿನ ‘ಶಂಕರಾಭರಣಂ’ ಚಿತ್ರದ ಹಾಡುಗಳಿಗೆ ಸಂಗೀತ ನಿರ್ದೇಶಕ ಕೆ.ವಿ. ಮಹದೇವನ್ ಅವರ ಸಹಾಯಕ ಪುಗಳೇಂದಿಯವರು ಅವರನ್ನು ತಾಳ್ಮೆಯಿಂದ ತಿದ್ದಿದರು. ಅದಕ್ಕೆ ಅವರ ಮೊದಲ ರಾಷ್ಟ್ರಪ್ರಶಸ್ತಿ ಬಂತು. ಒಟ್ಟು ಆರು ರಾಷ್ಟ್ರಪ್ರಶಸ್ತಿ, ನಾಲ್ಕು ಭಾಷೆಗಳಲ್ಲಿ. ಕನ್ನಡದ ಪಾಲಿನದು 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ್ದು. ಸಂಗೀತ ಹಂಸಲೇಖ ಅವರದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ, ಸ್ವತಃ ಅಂಧರಾದ ಗುರುವಿನ ಕಥೆ ಅದು. ಹಿಂದೂಸ್ತಾನಿ ಪದ್ಧತಿಯ ಹಾಡನ್ನು, ದಕ್ಷಿಣದ ಸಿನಿಮಾ ಗಾಯಕರೊಬ್ಬರು, ಆ ಪರಂಪರೆಯ ದೊಡ್ಡ ಗುರುವೊಬ್ಬರ ಕಥೆಗಾಗಿ ಹಾಡಿ ಗೆದ್ದದ್ದು ಸಣ್ಣ ಮಾತಲ್ಲ. ಅಂದಮಾತ್ರಕ್ಕೆ ಅವರನ್ನು ಶಾಸ್ತ್ರೀಯ ವಿದ್ವಾಂಸರ ಸಾಲಿಗೆ ಸೇರಿಸಿ ಮಾತಾಡುವವರ ಅತ್ಯುತ್ಸಾಹ ನನಗೆ ಒಪ್ಪಿಗೆಯಿಲ್ಲ. ಅವರ ಹಿರಿಮೆ ಇರುವುದು ಬೇರೆ ಕಡೆ.

ಈಗ ಟಿ.ವಿ.ಗೆ ಬರೋಣ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಹಳ್ಳಿಗಳಲ್ಲಿ ಟಿ.ವಿ. ಇದ್ದ ಒಂದೋ ಎರಡೋ ಮನೆಯ ಜಗುಲಿಯಲ್ಲಿ ಊರೇ ಸೇರುತ್ತಿದ್ದ ಕಾಲ ಅದು. ಸಿನಿಮಾ ಹಾಡಿನ ಕಾರ್ಯಕ್ರಮ ಬಂದರೂ ಅಲ್ಲಿ ಕಾಣುತ್ತಿದ್ದುದು ನಟನ ಮುಖ. ಹಾಡಿದವರು ಹಿಂದೆಯೇ ಉಳಿಯುತ್ತಿದ್ದರು. ‘ಹಿನ್ನೆಲೆ ಗಾಯಕ’ ಎಂಬ ನಮ್ಮ ಪದವೇ ಅದನ್ನು ಹೇಳುತ್ತದೆ. ಬಾಲು ಆ ಹಿನ್ನೆಲೆಯಿಂದ ಮುಂದಕ್ಕೆ ಬಂದದ್ದು 1996ರಲ್ಲಿ, ಈಟಿವಿ ತೆಲುಗು ವಾಹಿನಿಯ ‘ಪಾಡುತಾ ತೀಯಗಾ’ ಎಂಬ ಹಾಡಿನ ಸ್ಪರ್ಧೆಯ ಮೂಲಕ. ಆಗ ಅವರಿಗೆ 50 ವರ್ಷ. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಆರಂಭವಾಯಿತು. ಅನಂತರ ಕಲರ್ಸ್ ಕನ್ನಡ ಎಂದು ಹೆಸರು ಬದಲಾದದ್ದು ಇದೇ ವಾಹಿನಿ. ಅದರಲ್ಲಿ ಅವರು ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದ ಹೆಸರು ಜಿ.ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಭಾವಗೀತೆಯೊಂದನ್ನು ನೆನಪಿಗೆ ತರುತ್ತದೆ.

ಆ ಕಾರ್ಯಕ್ರಮದ ತುಣುಕುಗಳು ಈಗಲೂ ನೋಡಲು ಸಿಗುತ್ತವೆ. ನೋಡುವಾಗ ಹಾಡುವ ಮಗುವನ್ನು ಬಿಟ್ಟು ಅವರನ್ನೇ ಗಮನಿಸಿ. ಮಗು ಹಾಡುತ್ತಿದ್ದರೆ ಅವರ ತುಟಿ ಜೊತೆಯಲ್ಲೇ ಆಡುತ್ತದೆ. ಕೈ ತಾಳ ಹಾಕುತ್ತದೆ. ಕಷ್ಟದ ಸಂಗತಿ ಬರುವ ಮೊದಲೇ ಹುಬ್ಬು ಮೇಲೇರುತ್ತದೆ, ಮಗು ಅದನ್ನು ದಾಟಿದ ಕೂಡಲೇ ಮುಖ ಅರಳುತ್ತದೆ. ಹಾಡು ಮುಗಿದ ಮೇಲೆ ಮೊದಲು ಮೆಚ್ಚುಗೆ. ಆಮೇಲೆ ತಿದ್ದುಪಡಿ: ಇಲ್ಲಿ ಮಹಾಪ್ರಾಣ ಬರಬೇಕಿತ್ತಮ್ಮ, ಈ ಪದವನ್ನು ನಡುವೆ ಒಡೆಯಬಾರದು, ಉಸಿರನ್ನು ಆಚೆ ಪದದಲ್ಲಿ ತೆಗೆದುಕೋ ಎಂಬಂಥವು. ತಾವೇ ಆ ಸಾಲನ್ನು ಹಾಡಿ ತೋರಿಸುತ್ತಾರೆ. ಬಳಿಕ ಆ ಹಾಡನ್ನು ಬರೆದವರು ಯಾರು, ರಾಗ ಹಾಕಿದವರು ಯಾರು, ಮುದ್ರಣದ ದಿನ ಏನಾಯಿತು ಎಂದು ಕಥೆ ಶುರು. ಹರಿಕಥೆಯವರ ಮಗ ಅಲ್ಲಿ ಕಾಣುತ್ತಾನೆ. ಕನ್ನಡ ಮನೆಮಾತಲ್ಲದವರು ಕನ್ನಡದ ಮಕ್ಕಳಿಗೆ ಉಚ್ಚಾರಣೆ ಕಲಿಸುವುದನ್ನು ನೋಡಿ ಆಗ ನನಗೆ ಬೆರಗಾಗುತ್ತಿತ್ತು. ಸ್ವಲ್ಪ ಮುಜುಗರವೂ ಆಗುತ್ತಿತ್ತೆನ್ನಿ.

ಗಾಯಕನೊಬ್ಬ ಟಿ.ವಿ.ಯಲ್ಲಿ ತನ್ನ ಹಾಡಿಗಿಂತ ತಾನು ಕೇಳುವ ಬಗೆಯಿಂದ ಜನಪ್ರಿಯನಾದ ಈ ಸಂಗತಿ ನನ್ನಂಥ ನಿರ್ಮಾಪಕನಿಗೆ ಬಹಳ ಮುಖ್ಯವಾದದ್ದು. ಏಕೆಂದು ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ಟಿ.ವಿ. ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳಂತೆ ಓಡುತ್ತದೆ. ಒಂದೊಂದರ ಆಯಸ್ಸು ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು. ಶಬ್ದಕ್ಕೂ ತುಟಿಗೂ ಮೂರು ನಾಲ್ಕು ಚೌಕಟ್ಟಿನಷ್ಟು ಅಂತರ ಬಿದ್ದರೆ ಅನೇಕರ ಕಣ್ಣಿಗೆ ಅದು ಹೊಡೆಯುತ್ತದೆ. ಆದರೆ ಕೇಳುವವನ ಮುಖಕ್ಕೆ ಇಂಥ ಕಟ್ಟಿಲ್ಲ. ತೀರ್ಪುಗಾರ ನಕ್ಕದ್ದು ಒಂದು ಹಾಡಿಗೆ, ಅದನ್ನು ಇನ್ನೊಂದು ಹಾಡಿನ ನಡುವೆ ಅಂಟಿಸಿದರೆ ಮನೆಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಕಣ್ಣೀರನ್ನೂ ಹಾಗೆಯೇ ಬೇಕಾದ ಕಡೆ ಇಡಬಹುದು. ಸಂಕಲನದ ಮೇಜಿನ ಮುಂದೆ ಕೂತವನಿಗೆ ಈ ಆಸೆ ದಿನವೂ ಕಾಡುತ್ತದೆ. ಸ್ಪರ್ಧೆಯಲ್ಲಿ ಸೋತ ಮಗುವಿನ ಮುಖವನ್ನು ಹತ್ತಿರದಿಂದ ಹಿಡಿದು, ಹಿಂದೆ ಪಿಟೀಲು ನುಡಿಸಿದರೆ ನೋಡುವವರ ಸಂಖ್ಯೆ ಏರುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ನನಗೆ ಅದು ಒಗ್ಗುವುದಿಲ್ಲ. ಹತ್ತು ವರ್ಷದ ಮಗುವಿನ ಅಳು ಅದರ ಮನೆಯವರಿಗೆ ಸೇರಿದ್ದು, ವಾಹಿನಿಗಲ್ಲ.

ಬಾಲು ಅವರ ವೇದಿಕೆಯಲ್ಲೂ ಮಕ್ಕಳು ಸೋಲುತ್ತಿದ್ದರು. ಸ್ಪರ್ಧೆ ಎಂದ ಮೇಲೆ ಸೋಲು ಇರಲೇಬೇಕು. ಆದರೆ ಸೋತ ಮಗು ಅಲ್ಲಿಂದ ಹೋಗುವಾಗ ತನ್ನ ಹಾಡಿನ ಯಾವ ಅಕ್ಷರ ಎಲ್ಲಿ ತಪ್ಪಿತು ಎಂದು ತಿಳಿದು ಹೋಗುತ್ತಿತ್ತು. ಅಷ್ಟು ವಿವರವಾಗಿ ತಪ್ಪು ಹೇಳಬೇಕಾದರೆ ಅಷ್ಟು ಗಮನವಿಟ್ಟು ಕೇಳಿರಬೇಕು. ‘ಸೂಪರ್’ ಎನ್ನುವುದಕ್ಕೂ ‘ಚೆನ್ನಾಗಿಲ್ಲ’ ಎನ್ನುವುದಕ್ಕೂ ಕೇಳುವ ಅಗತ್ಯವೇ ಇಲ್ಲ.

ನಮ್ಮ ಸೀಮೆಯ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹಾಡಿನ ಕಾರ್ಯಕ್ರಮವೊಂದರ ಆಯ್ಕೆಗೆ ದಬ್ಬೇಘಟ್ಟದ ಕಡೆಯಿಂದ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ತಿಪಟೂರಿನಿಂದ ಬೆಳಗಿನ ರೈಲು ಹಿಡಿದು ಬಂದವರು. ಗಣಪತಿ ಪೆಂಡಾಲಿನಲ್ಲಿ ಹಾಡಿ ಅಭ್ಯಾಸವಾದದ್ದರಿಂದ ಮೈಕನ್ನು ತುಟಿಗೇ ಒತ್ತಿ ಹಿಡಿದಳು. ಪ, ಬ ಬಂದಾಗಲೆಲ್ಲ ಗಾಳಿ ಬಡಿದು ‘ಢಬ್’ ಎನ್ನುತ್ತಿತ್ತು. ಸ್ವಲ್ಪ ಓರೆಯಾಗಿ, ನಾಲ್ಕು ಬೆರಳು ದೂರ ಹಿಡಿ, ತಾರಸ್ಥಾಯಿಗೆ ಹೋದಾಗ ಇನ್ನಷ್ಟು ದೂರ ಸರಿಸು ಎಂದೆ. ಎರಡನೆಯ ಸಲಕ್ಕೇ ಕಲಿತಳು. ಹಾಡಿದ್ದು ಹೆಸರಾಂತ ಗಾಯಕಿಯೊಬ್ಬರ ಹಾಡು. ಮೂಲ ಮುದ್ರಣದಲ್ಲಿ ಆ ಗಾಯಕಿ ಉಸಿರು ತೆಗೆದ ಜಾಗದಲ್ಲೇ ಇವಳೂ ಉಸಿರು ತೆಗೆದಳು, ಅಷ್ಟು ನಿಖರವಾದ ನಕಲು. ಮನೆಯಲ್ಲಿ ಹಿರಿಯರು ಹಾಡುವ ಯಾವುದಾದರೂ ಹಾಡು ಬರುತ್ತದೆಯೇ ಎಂದು ಕೇಳಿದೆ. ನಾಚಿಕೊಂಡು ತಂದೆಯ ಮುಖ ನೋಡಿದಳು. ಆಮೇಲೆ ಸೋಬಾನೆ ಪದವೊಂದನ್ನು ಎರಡು ನುಡಿ ಹಾಡಿದಳು. ಆಗ ಬಂದದ್ದು ಅವಳದೇ ದನಿ. ಸ್ವಲ್ಪ ಒರಟು, ಆದರೆ ಇನ್ನಾರದೂ ಅಲ್ಲ. ಕಾರ್ಯಕ್ರಮದ ನಿಯಮದಲ್ಲಿ ಸಿನಿಮಾ ಹಾಡಿಗೆ ಮಾತ್ರ ಅವಕಾಶವಿತ್ತು. ಅವಳಿಗಿಂತ ಚೆನ್ನಾಗಿ ನಕಲು ಮಾಡುವವರು ಹತ್ತು ಮಂದಿ ಇದ್ದರು. ಅವಳು ಆಯ್ಕೆಯಾಗಲಿಲ್ಲ. ಸಂಜೆಯ ರೈಲಿಗೆ ಹೊರಟಾಗ ಅವಳ ತಂದೆ ಕೇಳಿದ್ದು ಒಂದೇ ಮಾತು: ‘ಇವಳು ಇನ್ನು ಮುಂದೆ ಹಾಡೋದು ಬೇಡವಾ ಸಾರ್?’

ಹಾಡಲಿ ಎಂದೆ. ಆದರೆ ಆ ಪ್ರಶ್ನೆಯಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಟಿ.ವಿ.ಯಲ್ಲಿ ಬಂದರೆ ಗಾಯಕಿ, ಬಾರದಿದ್ದರೆ ಅಲ್ಲ ಎಂಬ ತಿಳಿವಳಿಕೆ. ಬಾಲು ಅವರ ಬದುಕಿನ ವರ್ಷಗಳನ್ನು ನೋಡಿ. ಸ್ಪರ್ಧೆಯ ಬಹುಮಾನ 1964, ಟಿ.ವಿ. 1996. ನಡುವೆ 32 ವರ್ಷ. ಆ 32 ವರ್ಷದ ತಂಡ, ತಿರುಗಾಟ, ಕಂಠದಾನ, ನಟನೆ, ಸಂಗೀತ ನಿರ್ದೇಶನ, ದಿನದಿನದ ಮುದ್ರಣ ಇವೆಲ್ಲ ಇದ್ದುದರಿಂದಲೇ ಮಗುವೊಂದರ ಮುಂದೆ ಕೂತು ಹೇಳುವುದಕ್ಕೆ ಅವರ ಬಳಿ ಅಷ್ಟು ಕಥೆಗಳಿದ್ದವು. ಇಂದಿನ ಸ್ಪರ್ಧೆಗಳು ಕ್ರಮವನ್ನು ತಿರುಗಿಸಿವೆ. ಹದಿನೆಂಟಕ್ಕೆ ಟಿ.ವಿ., ಹತ್ತೊಂಬತ್ತಕ್ಕೆ ಊರೂರಿನಲ್ಲಿ ಸನ್ಮಾನ. ಇಪ್ಪತ್ತಕ್ಕೆ ಮುಂದಿನ ವರ್ಷದ ವಿಜೇತ ಬಂದಿರುತ್ತಾನೆ. ಕೊಬ್ಬರಿ ಧಾರಣೆ ಏರಿ ಇಳಿಯುವುದನ್ನು ಕಂಡ ನಮ್ಮವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಡಿನ ಹಣದ ವಿಷಯವನ್ನೂ ನೀವು ತಿಳಿದಿರಬೇಕು. ಹಾಡೊಂದರ ಒಡೆಯ ಯಾರು? ಬರೆದವರೇ, ರಾಗ ಹಾಕಿದವರೇ, ಹಾಡಿದವರೇ, ಹಣ ಹಾಕಿದವರೇ? ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. 2012ರ ತಿದ್ದುಪಡಿಯಲ್ಲಿ ಸಾಹಿತಿ ಮತ್ತು ಸಂಗೀತ ನಿರ್ದೇಶಕರ ಗೌರವಧನದ ಹಕ್ಕು ಗಟ್ಟಿಯಾಯಿತು, ಗಾಯಕರಿಗೂ ಒಂದು ಪಾಲಿನ ಹಕ್ಕು ಬಂತು. 2017ರಲ್ಲಿ ಬಾಲು ತಮ್ಮ ಗಾಯನದ ಐವತ್ತು ವರ್ಷದ ಪ್ರವಾಸದಲ್ಲಿ ಅಮೆರಿಕದಲ್ಲಿದ್ದಾಗ, ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ಹಾಡಬಾರದೆಂದು ಇಳಯರಾಜ ಅವರ ಕಡೆಯಿಂದ ವಕೀಲರ ನೋಟೀಸು ಬಂತು. ಅದೇ ಹಳೆಯ ತಂಡದ ಗೆಳೆಯ! ಅಭಿಮಾನಿಗಳು ಎರಡು ಪಾಳಯವಾಗಿ ಜಗಳಾಡಿದರು. ಬಾಲು ಮಾತ್ರ ಕಾನೂನು ಹೀಗಿದೆ ಎಂದರೆ ಪಾಲಿಸುತ್ತೇನೆಂದು ಹೇಳಿ, ಉಳಿದ ಕಾರ್ಯಕ್ರಮಗಳಲ್ಲಿ ಆ ಹಾಡುಗಳನ್ನು ಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಇಳಯರಾಜ ಅವರು ಎತ್ತಿದ ಪ್ರಶ್ನೆ ಸರಿಯಾದದ್ದೇ. ಗೆಳೆಯನಿಗೆ ನೋಟೀಸಿನ ಮೂಲಕ ಕೇಳಬೇಕಿತ್ತೇ ಎಂಬುದು ಬೇರೆ ಮಾತು. ಎರಡು ವರ್ಷದ ಬಳಿಕ ಇಬ್ಬರೂ ಮತ್ತೆ ಒಂದೇ ವೇದಿಕೆ ಹತ್ತಿದರು.

2020ರ ಆಗಸ್ಟಿನಲ್ಲಿ ಕೋವಿಡ್ ತಗಲಿ ಅವರು ಚೆನ್ನೈನಲ್ಲಿ ಆಸ್ಪತ್ರೆ ಸೇರಿದರು. ಸೆಪ್ಟೆಂಬರ್ 25ರಂದು ತೀರಿಕೊಂಡರು. 2001ರಲ್ಲಿ ಪದ್ಮಶ್ರೀ, 2011ರಲ್ಲಿ ಪದ್ಮಭೂಷಣ ಬಂದಿದ್ದವು. 2021ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಅದೇ ವರ್ಷ ‘ಎದೆ ತುಂಬಿ ಹಾಡುವೆನು’ ಅದೇ ಹೆಸರಿನಲ್ಲಿ, ಬೇರೆ ತೀರ್ಪುಗಾರರೊಡನೆ ಮತ್ತೆ ಪ್ರಸಾರವಾಯಿತು.

ನಿಮಗೆ ಬಿಡುವಿದ್ದಾಗ 1993ರ ‘ಮುದ್ದಿನ ಮಾವ’ ಚಿತ್ರದ ದೀಪಾವಳಿಯ ಹಾಡನ್ನು ಹುಡುಕಿ ನೋಡಿ. ಆ ಚಿತ್ರದಲ್ಲಿ ಬಾಲು ಪ್ರಮುಖ ಪಾತ್ರ ವಹಿಸಿದ್ದಾರೆ, ಸಂಗೀತವೂ ಅವರದೇ. ಅಳಿಯನ ಪಾತ್ರದ ಶಶಿಕುಮಾರ್ ಅವರಿಗೆ ಹಾಡಿದ್ದು ಬಾಲು. ಹಾಗಾದರೆ ಪರದೆಯ ಮೇಲೆ ಬಾಲು ತುಟಿ ಆಡಿಸಿದಾಗ ಕೇಳುವುದು ಯಾರ ದನಿ? ರಾಜ್‌ಕುಮಾರ್ ಅವರದು. ಸಾವಿರಾರು ನಟರ ತುಟಿಗೆ ದನಿ ಕೊಟ್ಟವರು ಅಲ್ಲಿ ಇನ್ನೊಬ್ಬರ ದನಿಗೆ ತಮ್ಮ ತುಟಿ ಹೊಂದಿಸುತ್ತಿದ್ದಾರೆ. ಮೊದಲ ಸಲ ಕಣ್ಣು ಮುಚ್ಚಿ ಕೇಳಿ, ಎರಡನೆಯ ಸಲ ಅವರ ಮುಖವನ್ನೇ ನೋಡಿ.